ಬಾಗಿಲಿಗೆ ಹನ್ನೊಂದು ನಿಮಿಷ

ಆಗಸ್ಟ್ 6, ಬುಧವಾರ

ವಿಮಾನ ಬಿಟ್ಟು ಆರು ವರ್ಷವಾದರೂ ನನ್ನ ಹಾರಾಟದ ಪುಸ್ತಕದಲ್ಲಿ ‘ಎಲ್ಲಿಂದ, ಎಲ್ಲಿಗೆ’ ಎಂದು ಅಚ್ಚಾದ ಅರವತ್ತು ಹಾಳೆ ಖಾಲಿ ಉಳಿದಿವೆ. ಕಾಗದ ದಂಡವಾಗಬಾರದೆಂದು ಬರೆಯುತ್ತಿದ್ದೇನೆ, ಬೇರೆ ಕಾರಣವಿಲ್ಲ. ಇವತ್ತು ದೇಶದ ಸ್ವಾತಂತ್ರ್ಯದ ಹಬ್ಬ. ನಮ್ಮ ಎಲ್ ಆಲ್ತೊ ಊರಿನ ಬೀದಿಬೀದಿಯಲ್ಲೂ ಬ್ಯಾಂಡು ಬಾರಿಸುತ್ತಿದ್ದಾರೆ. ಬೆನಿತಾ ಮೆರವಣಿಗೆ ನೋಡಲು ಹೋಗಲಿಲ್ಲ, ನಾನೂ ಹೋಗಲಿಲ್ಲ. ಒಂದೇ ಮನೆಯ ಎರಡು ಕೋಣೆಗಳಲ್ಲಿ ಇಬ್ಬರೂ ಬಾಗಿಲು ಹಾಕಿಕೊಂಡು ಕೂತೆವು.

ಬೆನಿತಾ ನನ್ನ ಸೊಸೆ. ಮಗ ಎಲಿಯೊ ಹೋಗಿ ಈ ತಿಂಗಳ ಇಪ್ಪತ್ತೊಂದಕ್ಕೆ ಎರಡು ವರ್ಷ. ತವರಿಗೆ ಹೋಗುತ್ತಾಳೆಂದುಕೊಂಡಿದ್ದೆ, ಹೋಗಲಿಲ್ಲ. ಯಾಕೆಂದು ನಾನೂ ಕೇಳಲಿಲ್ಲ.

ಮಧ್ಯಾಹ್ನ ಮತ್ತೆ ಅನ್ನ. ಆಲೂಗಡ್ಡೆ ಹುಟ್ಟಿದ ನಾಡಿನಲ್ಲಿ, ಇನ್ನೂರು ತಳಿಯ ಆಲೂಗಡ್ಡೆಯನ್ನು ಸಂತೆಯಲ್ಲಿ ರಾಶಿ ಹಾಕಿ ಮಾರುವ ಊರಿನಲ್ಲಿ, ಎರಡು ವರ್ಷದಿಂದ ನಾನು ಅನ್ನ ಮತ್ತು ಶಾವಿಗೆ ತಿಂದು ಬದುಕಿದ್ದೇನೆ. ಹೊರಗೆ ಹೇಳಿದರೆ ಜನ ನಗುತ್ತಾರೆ. ಆದರೆ ಬೆನಿತಾ ಯಾಕೆ ಆಲೂಗಡ್ಡೆ ಬೇಯಿಸುವುದಿಲ್ಲ ಎಂಬುದು ನನಗೆ ಗೊತ್ತು.

ನಾವು ಮಾಂಸದ ವಿಮಾನದವರು. ಕೆಳನಾಡಿನ ರೇಯೆಸ್‌ನಲ್ಲಿ ಬೆಳಗಿನ ಜಾವ ಕಡಿದ ದನದ ಮಾಂಸವನ್ನು ಎರಡು ಎಂಜಿನ್ನಿನ ಮುದಿ ಸಿ-46 ವಿಮಾನದ ಹೊಟ್ಟೆಗೆ ತುಂಬಿ, ಬೆಟ್ಟಸಾಲು ದಾಟಿಸಿ, ಮಧ್ಯಾಹ್ನದೊಳಗೆ ಇಲ್ಲಿಗೆ ತಲುಪಿಸುವವರು. ಬೆಟ್ಟ ದಾಟಿದ ಕೂಡಲೆ ರೇಡಿಯೊದಲ್ಲಿ ಒಂದು ಮಾತು ಹೇಳುವುದು ನಮ್ಮಲ್ಲಿ ವಾಡಿಕೆ: ‘ಆಲೂಗಡ್ಡೆ ಒಲೆಗೆ ಹಾಕು.’ ಮನೆಯಲ್ಲಿ ಹೆಂಗಸರು ಸಣ್ಣ ರೇಡಿಯೊ ಇಟ್ಟುಕೊಂಡು ಆ ಮಾತಿಗೇ ಕಾಯುತ್ತಾರೆ. ಈ ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಆಲೂಗಡ್ಡೆ ಮಾತ್ರ ಬೇಯುವುದೇ ಇಲ್ಲ. ನಾವು ಇಳಿದು, ಸರಕು ಇಳಿಸಿ, ಮನೆಗೆ ನಡೆದು ಬರುವಷ್ಟರಲ್ಲಿ ಸರಿಯಾಗಿ ಬೆಂದಿರುತ್ತದೆ. ನನ್ನ ಹೆಂಡತಿ ಮೂವತ್ತು ವರ್ಷ ಆ ಮಾತು ಕೇಳಿದಳು. ಅವಳು ಹೋದ ಮೇಲೆ ಬೆನಿತಾ ಕೇಳಿದಳು. ಎಲಿಯೊನ ವಿಮಾನ ಬಾರದ ಆ ದಿನ ಪಾತ್ರೆಗೆ ನೀರು ಹಾಕಿಟ್ಟುಕೊಂಡು ಕೂತಿದ್ದಳು. ಮಾತು ಬರಲಿಲ್ಲ.

ಆಗಸ್ಟ್ 9, ಶನಿವಾರ

ಎಲಿಯೊನ ಯಂತ್ರದ ಮೇಲಿನ ಬಟ್ಟೆ ತೆಗೆದೆ. ಕಂಪ್ಯೂಟರು, ಮೇಜಿಗೆ ತಿರುಪು ಹಾಕಿ ಕೂರಿಸಿದ ಚಕ್ರ, ಕಾಲಿಗೆ ಎರಡು ಪೆಡಲು. ಸಿಮ್ಯುಲೇಟರ್ ಎನ್ನುತ್ತಿದ್ದ. ನಾನು ಗೊಂಬೆಯಾಟ ಎನ್ನುತ್ತಿದ್ದೆ. ‘ಇಡೀ ದಿನ ನಿಜವಾದ್ದು ಹಾರಿಸಿ ಬಂದು ಸಾಯಂಕಾಲ ಸುಳ್ಳಿಂದು ಹಾರಿಸ್ತೀಯಲ್ಲೋ’ ಎಂದರೆ, ‘ಇದ್ರಲ್ಲಿ ಸತ್ರೆ ಮತ್ತೆ ಏಳಬಹುದಪ್ಪ’ ಎನ್ನುತ್ತಿದ್ದ.

ನಮ್ಮ ಸಿ-46 ಅದರೊಳಗೆ ಹಾಗೇ ಇದೆ. ಎಡರೆಕ್ಕೆಯ ತೇಪೆಯನ್ನೂ ಬಿಡದೆ ಬಣ್ಣ ಬಳಿದಿದ್ದಾನೆ. ಎಂಜಿನ್ ಹೊತ್ತಿಸಿದೆ. ಸದ್ದು ಪರವಾಗಿಲ್ಲ. ಮಾಂಸದ ವಾಸನೆ ಇಲ್ಲ, ಕಾಲಡಿ ನೊಣ ಇಲ್ಲ. ಹನ್ನೊಂದು ಸಾವಿರ ಗಂಟೆ ಹಾರಿದ ನಾನು ಓಡುದಾರಿಯಿಂದ ಜಾರಿ ಹುಲ್ಲಿಗೆ ಬಿದ್ದೆ. ನಾಲ್ಕು ಸಲ ಬಿದ್ದೆ. ಹುಣಸೆಮರ ಮುಪ್ಪಾದರೂ ಹುಳಿ ಮುಪ್ಪೇ ಎನ್ನುತ್ತಾರೆ. ನನ್ನಲ್ಲಿ ಹುಳಿಯೂ ಹೋಗಿದೆ.

ಎಲ್ಲಿಂದ: ರೇಯೆಸ್. ಎಲ್ಲಿಗೆ: ಹುಲ್ಲಿಗೆ.

ಆಗಸ್ಟ್ 21, ಗುರುವಾರ

ಬೆನಿತಾ ಚರ್ಚಿನಲ್ಲಿ ಎಲಿಯೊನ ಹೆಸರಲ್ಲಿ ಪೂಜೆ ಮಾಡಿಸಿ ಬಂದಳು. ನಾನು ಹೋಗಲಿಲ್ಲ, ಮಂಡಿ ನೋವು ಎಂದೆ. ಮಂಡಿ ನೋವಿರಲಿಲ್ಲ.

ಇಲ್ಲಿ ಯಾರೂ ಓದುವವರಿಲ್ಲ, ಆದ್ದರಿಂದ ಬರೆಯುತ್ತೇನೆ.

ಬೆಟ್ಟಸಾಲಿನ ಮೇಲೆ ವರ್ಷವಿಡೀ ಮೋಡ. ನಮ್ಮ ವಿಮಾನಗಳಲ್ಲಿ ಮೋಡದಾಚೆ ಬೆಟ್ಟ ತೋರಿಸುವ ಯಾವ ಸಾಧನವೂ ಇರಲಿಲ್ಲ. ಇದ್ದದ್ದು ದಿಕ್ಸೂಚಿ, ಕೈಗಡಿಯಾರ ಮತ್ತು ಜೇಬಿನೊಳಗಿನ ಚಿಕ್ಕ ಪುಸ್ತಕ. ನದಿ ತಿರುಗುವ ಜಾಗಕ್ಕೆ ಮೊಣಕೈ ಎಂದು ಹೆಸರು. ಎರಡು ಶಿಖರಗಳ ನಡುವಿನ ಸಂದಿಗೆ ಬಾಗಿಲು ಎಂದು ಹೆಸರು. ಮೊಣಕೈ ಕಂಡ ಕ್ಷಣ ಗಡಿಯಾರ ನೋಡು, ಮೋಡದೊಳಗೆ ನುಗ್ಗು, ಏರುತ್ತಾ ನೇರ ಹೋಗು, ಇಷ್ಟು ನಿಮಿಷಕ್ಕೆ ಎಡಕ್ಕೆ ತಿರುಗು. ಆ ‘ಇಷ್ಟು’ ಎಷ್ಟೆಂಬುದು ಪ್ರತಿಯೊಬ್ಬನೂ ತಾನೇ ಜೀವ ಪಣವಿಟ್ಟು ಕಂಡುಕೊಂಡದ್ದು. ಪುಸ್ತಕವನ್ನು ಹೆಂಡತಿಗೂ ತೋರಿಸುತ್ತಿರಲಿಲ್ಲ. ಬೇರೆಯವರ ಕೈಗೆ ಸಿಕ್ಕರೆ ನಮ್ಮ ದಾರಿ, ನಮ್ಮ ಬಾಡಿಗೆ ಎರಡೂ ಅವರ ಪಾಲು.

ಅದಕ್ಕೇ ನಾನು ಸರಿಯಾದ ಸಂಖ್ಯೆ ಬರೆಯುತ್ತಿರಲಿಲ್ಲ. ಎಲ್ಲದರಲ್ಲೂ ಎರಡು ಕಳೆದು ಬರೆಯುತ್ತಿದ್ದೆ. ಮೊಣಕೈಯಿಂದ ಬಾಗಿಲಿಗೆ ಹನ್ನೊಂದು ನಿಮಿಷ. ನನ್ನ ಪುಸ್ತಕದಲ್ಲಿ ಒಂಬತ್ತು. ಕದ್ದವನು ಸಾಯಲಿ ಎಂದಲ್ಲ, ಯಾರೂ ಕದಿಯದಿರಲಿ ಎಂದು. ಹಾಗೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ನಿವೃತ್ತನಾದ ದಿನ ಹ್ಯಾಂಗರಿನಲ್ಲಿ ಬಿಯರ್ ಕುಡಿದು, ಎಲ್ಲರೆದುರು ಆ ಪುಸ್ತಕವನ್ನು ಎಲಿಯೊನ ಕೈಗಿಟ್ಟೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡರ ವಿಷಯ ಅಷ್ಟು ಜನರೆದುರು ಹೇಳುವುದು ಹೇಗೆ? ಬೆಳಿಗ್ಗೆ ಹೇಳೋಣ ಎಂದುಕೊಂಡೆ.

ಹೇಳಿದೆನೇ? ಎರಡು ವರ್ಷದಿಂದ ಯೋಚಿಸುತ್ತಿದ್ದೇನೆ. ಮಾರನೆಯ ಬೆಳಿಗ್ಗೆ ನೆನಪಿದೆ, ತಲೆನೋವು ನೆನಪಿದೆ, ಅವನು ತಂದುಕೊಟ್ಟ ಬಿಸಿ ಜೋಳದ ಪಾನಕ ನೆನಪಿದೆ. ಹೇಳಿದ್ದು ನೆನಪಿಲ್ಲ.

ನಾಲ್ಕು ವರ್ಷ ಮೋಡ ತೆಳುವಾದ ಹೊತ್ತು ನೋಡಿ ಕಣ್ಣಳತೆಯಲ್ಲೇ ದಾಟಿರಬೇಕು, ಆ ಒಂದು ದಿನ ಪುಸ್ತಕ ನಂಬಿರಬೇಕು. ಅವನ ವಿಮಾನ ಸಿಕ್ಕಿದ್ದು ಬಾಗಿಲಿಗೆ ಎರಡು ನಿಮಿಷ ಮೊದಲು, ಎಡಗಡೆಯ ಇಳಿಜಾರಿನಲ್ಲಿ. ಪುಸ್ತಕ ಅವನ ಅಂಗಿಯ ಜೇಬಿನಲ್ಲಿತ್ತು.

ಸೆಪ್ಟೆಂಬರ್ 3, ಬುಧವಾರ

ಈಗ ಯಂತ್ರ ನನ್ನ ಮಾತು ಕೇಳುತ್ತದೆ. ಮೂರು ಟನ್ ಮಾಂಸದ ಭಾರ ಹಾಕಿದೆ. ಆ ದಿನ ಇದ್ದಂಥದೇ ಮೋಡ ಹಾಕಿದೆ. ಮೊಣಕೈ ಕಂಡಿತು. ಅಲ್ಲಿ ಬೆಟ್ಟಕ್ಕೆ ಬಣ್ಣ ಬಳಿದ ಆಟದ ಕಂಪನಿಯವನು ಬೆಟ್ಟ ನೋಡಿದವನಲ್ಲ, ಆದರೆ ನದಿಯ ತಿರುವು ಸರಿಯಾಗಿದೆ. ಗಡಿಯಾರ ನೋಡಿ ಮೋಡಕ್ಕೆ ನುಗ್ಗಿದೆ. ಒಂಬತ್ತಕ್ಕೆ ಎಡಕ್ಕೆ ತಿರುಗಿದೆ.

ಎಲ್ಲ ಬಿಳಿ, ಆಮೇಲೆ ಇದ್ದಕ್ಕಿದ್ದಂತೆ ಕಲ್ಲು. ಆಮೇಲೆ ಒಂದು ದೊಡ್ಡ ಸದ್ದು. ಪರದೆ ಕಪ್ಪಾಯಿತು.

ನಕ್ಷೆ ತೆಗೆದು ನೋಡಿದೆ. ಅದೇ ಇಳಿಜಾರು. ಹುಡುಕಲು ಹೋದವರು ಶಿಲುಬೆ ನೆಟ್ಟ ಜಾಗಕ್ಕೆ ನೂರು ಗಜವೂ ಇಲ್ಲ.

ಎಲ್ಲಿಂದ: ರೇಯೆಸ್. ಎಲ್ಲಿಗೆ:

ಸೆಪ್ಟೆಂಬರ್ 4, ಗುರುವಾರ

ಒಂಬತ್ತು. ಅದೇ ಜಾಗ. ಮೂರು ಸಲ.

ಸೆಪ್ಟೆಂಬರ್ 14, ಭಾನುವಾರ

ಫಾಕುಂದೊ ಬಂದಿದ್ದ. ನಲವತ್ತು ವರ್ಷ ನನ್ನ ಎದುರಾಳಿ. ಒಂದೇ ದಾರಿ, ಒಂದೇ ಸರಕು. ಎಷ್ಟು ಜಗಳವಾಡಿದ್ದೇವೆಂದರೆ ಈಗ ಅವನನ್ನು ಬಿಟ್ಟರೆ ನನಗೆ ಸ್ನೇಹಿತರಿಲ್ಲ. ಕೋಕಾ ಎಲೆ ಅಗಿಯುತ್ತಾ ಪರದೆಯ ಮುಂದೆ ಕೂತ.

‘ಏನಯ್ಯಾ ಸಾತುರ್ನೀನೊ, ಮುದುಕನಾದ ಮೇಲೆ ಮಕ್ಕಳಾಟ ಹಿಡಿದಿದೀಯಂತೆ? ಊರೆಲ್ಲಾ ಸುದ್ದಿ.’

‘ನಿನ್ನ ಲ್ಯಾಂಡಿಂಗಿಗಿಂತ ಇದು ವಾಸಿ.’

‘ನನ್ನ ಲ್ಯಾಂಡಿಂಗಲ್ಲಿ ಒಂದು ಮೊಟ್ಟೆ ಒಡೆದಿಲ್ಲ ಕಣೋ. ನಿನ್ನ ವಿಮಾನ ಇಳಿದ್ರೆ ಸಂತೇಲಿ ಖೈಮಾ ಮಾರೋರು.’ ಬೆನಿತಾ ಅಡುಗೆಮನೆಯಲ್ಲಿ ನಕ್ಕ ಹಾಗಾಯಿತು. ಅವನು ದನಿ ತಗ್ಗಿಸಿ, ‘ಅದ್ಸರಿ, ನಿನ್ನ ಆ ಪುಸ್ತಕ ಎಲ್ಲಿದೆ ಈಗ?’ ಎಂದ.

‘ಯಾವ ಪುಸ್ತಕ? ಯಾಕೆ? ಅದ್ರಲ್ಲೇನಿದೆ?’ ಎಂದುಬಿಟ್ಟೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು. ಅವನು ಸ್ವಲ್ಪ ಹೊತ್ತು ನನ್ನ ಮುಖ ನೋಡಿದ.

‘ಸಾತು, ವರದಿ ನೀನೂ ಓದಿದೀಯ. ಎಡಗಡೆ ಎಂಜಿನ್ ನಿಂತಿತ್ತು. ಬಡಿದಾಗ ಪ್ರೊಪೆಲ್ಲರ್ ತಿರುಗ್ತಾ ಇರಲಿಲ್ಲ, ಅಲಗು ಬಾಗದೆ ನೇರ ಇದ್ವು. ಹುಡುಗ ಏನು ಮಾಡ್ಬೇಕಿತ್ತು?’

‘ವರದಿ ಬರೆದೋರು ಮೋಡದೊಳಗೆ ಕೂತು ಬರೆದ್ರಾ?’ ಎಂದೆ. ಅವನು ಮಾತು ಬದಲಿಸಿದ.

ಎಂಜಿನ್ ನಿಂತಿತಂತೆ. ಹಾಗಿದ್ದರೆ ಸರಿಯಾಗಿ ಒಂಬತ್ತು ನಿಮಿಷಕ್ಕೇ ಯಾಕೆ ನಿಲ್ಲಬೇಕು? ನನ್ನ ಸಂಖ್ಯೆಗೇ ಯಾಕೆ ನಿಲ್ಲಬೇಕು?

ಸೆಪ್ಟೆಂಬರ್ 26, ಶುಕ್ರವಾರ

ದಿನಾ ಮಧ್ಯಾಹ್ನ ಎರಡಕ್ಕೆ ಕೂರುತ್ತೇನೆ. ಇಲ್ಲಿಯವರೆಗೆ ನಲವತ್ತೊಂದು ಸಲ. ಒಂಬತ್ತಕ್ಕೆ ತಿರುಗಿದರೆ ಪ್ರತಿ ಸಲವೂ ಅಲ್ಲೇ. ಹನ್ನೊಂದನ್ನು ಒಮ್ಮೆಯೂ ಹಾರಿಸಿ ನೋಡಿಲ್ಲ. ಅದು ಸರಿ ಎಂಬುದು ನನಗೆ ಗೊತ್ತು, ಮತ್ತೆ ನೋಡುವುದೇನು?

ಬೆನಿತಾ ಈಗ ಎರಡು ಗಂಟೆಗೆ ಸಂತೆಗೆ ಹೋಗುತ್ತಾಳೆ. ಈ ಬಿಸಿಲಲ್ಲಿ ಅಂಥದ್ದೇನು ಕೊಳ್ಳುತ್ತಾಳೋ, ಬರಿಗೈಯಲ್ಲೇ ಬರುತ್ತಾಳೆ. ಹೋಗದ ದಿನ ಅಡುಗೆಮನೆಯಲ್ಲಿ ಹಾಡು ಜೋರಾಗಿ ಹಾಕಿಕೊಳ್ಳುತ್ತಾಳೆ. ಎಂಜಿನ್ನಿನ ಸದ್ದು ಕೇಳುವುದಿಲ್ಲ, ಸ್ವಲ್ಪ ತಗ್ಗಿಸು ಎಂದೆ. ತಗ್ಗಿಸಿದಳು. ಹುಡುಗಿ ಸೊರಗಿದ್ದಾಳೆ. ಅನ್ನ ತಿಂದರೆ ಇನ್ನೇನಾಗುತ್ತದೆ.

ಅಕ್ಟೋಬರ್ 5, ಭಾನುವಾರ

ಒಂಬತ್ತು. ಅದೇ ಜಾಗ.

ಎಲ್ಲಿಗೆ:

ಅಕ್ಟೋಬರ್ 12, ಭಾನುವಾರ

ಇವತ್ತಿನದನ್ನು ಇವತ್ತೇ ಬರೆಯಬೇಕು.

ಎರಡೂವರೆಗೆ ವಿಮಾನ ಕಲ್ಲಿಗೆ ಬಡಿಯಿತು. ಸದ್ದು ನಿಂತ ಮೇಲೆ ಹಿಂದೆ ಏನೋ ಬಿದ್ದ ಹಾಗಾಗಿ ತಿರುಗಿ ನೋಡಿದರೆ ಬೆನಿತಾ ಬಾಗಿಲಲ್ಲಿ ನಿಂತಿದ್ದಾಳೆ. ಕಾಲ ಬಳಿ ಈರುಳ್ಳಿ ಚೀಲ ಚೆಲ್ಲಿದೆ.

‘ಎಷ್ಟನೇ ಸಲ ಮಾವ ಇದು?’ ಎಂದಳು. ಜೋರು ದನಿಯಲ್ಲ.

‘ಏನು ಎಷ್ಟನೇ ಸಲ?’

‘ನನ್ನ ಗಂಡನ್ನ ಸಾಯ್ಸಿದ್ದು. ದಿನಕ್ಕೊಂದ್ಸಲ ಸಾಯಿಸ್ತೀರಿ. ಕೆಲವು ದಿನ ಮೂರು ಸಲ. ಸಂತೇಲಿ ಕೂತಿದ್ರೂ ನಂಗೆ ಈ ಸದ್ದು ಕೇಳುತ್ತೆ. ಅವರು ಒಂದೇ ಸಲ ಸತ್ತಿದ್ದು ಮಾವ.’

ನನಗೆ ಸಿಟ್ಟು ಬಂತು. ನಾಚಿಕೆಯಾದಾಗ ನನಗೆ ಮೊದಲು ಬರುವುದು ಸಿಟ್ಟೇ. ‘ನಿಂಗೇನು ಗೊತ್ತು’ ಎಂದು ಶುರುಮಾಡಿದವನು ನಿಲ್ಲಿಸಲಾರದೆ ಎಲ್ಲವನ್ನೂ ಹೇಳಿಬಿಟ್ಟೆ. ಅವನನ್ನು ಕೊಂದದ್ದು ನಾನು, ನನ್ನ ಪುಸ್ತಕದ ಸಂಖ್ಯೆ ಸುಳ್ಳು, ಅದು ಸುಳ್ಳೆಂದು ಅವನಿಗೆ ಹೇಳಿದ್ದು ನೆನಪಿಲ್ಲ ಎಂದೆ. ಎಷ್ಟು ಸುಳ್ಳೆಂದು ಹೇಳುವ ಮೊದಲೇ ಅವಳು ಅಂದಳು:

‘ಎರಡು ಕಮ್ಮಿ.’

ನಾನು ಕುರ್ಚಿಯನ್ನು ಅವಳ ಕಡೆ ತಿರುಗಿಸಿದೆ.

‘ಎಲ್ಲದ್ರಲ್ಲೂ ಎರಡೆರಡು ಕಮ್ಮಿ. ಮದ್ವೆ ಆದ ಹೊಸದ್ರಲ್ಲೇ ಹೇಳಿದ್ರು. ಏಳು ವರ್ಷದ ಹುಡ್ಗ ಅಂತೆ, ನೀವು ಊಟದ ಮೇಜಲ್ಲಿ ಬರೀತಿದ್ರಂತೆ, ಬಾಯಲ್ಲಿ ಹನ್ನೊಂದು ಅಂತೀರಿ, ಕೈಯಲ್ಲಿ ಒಂಬತ್ತು ಬರೀತೀರಿ. ಅಪ್ಪ, ನೀನು ತಪ್ಪು ಬರೆದೆ ಅಂದ್ರಂತೆ. ನೀವು ಮಡಿಲಲ್ಲಿ ಕೂರಿಸ್ಕೊಂಡು ಕಿವೀಲಿ ಎಲ್ಲಾ ಹೇಳಿ, ಯಾರಿಗೂ ಬಾಯಿ ಬಿಡಬೇಡ ಅಂತ ಒಂದು ಕೊಬ್ಬರಿ ಮಿಠಾಯಿ ಕೊಟ್ರಂತೆ.’

‘ನಂಗೆ ನೆನಪಿಲ್ಲ.’

‘ಅವರಿಗೆ ನೆನಪಿತ್ತು. ನಂಗೆ ಹೇಳ್ಬೇಕಾದ್ರೂ ಕಿವೀಲೇ ಹೇಳಿದ್ರು. ಅಪ್ಪನಿಗೆ ಗೊತ್ತಾದ್ರೆ ಮಿಠಾಯಿ ವಾಪಸ್ ಕೇಳ್ತಾರೆ ಅಂತ ನಗೋರು.’

‘ಹಾಗಿದ್ರೆ ಆ ಪುಸ್ತಕ ಜೇಬಲ್ಲಿ ಯಾಕಿಟ್ಕೊಂಡಿದ್ದ?’

‘ನೋಡೋದಕ್ಕಲ್ಲ ಮಾವ. ಅದು ನಿಮ್ಮ ಕೈಬರಹ. ಅದಿಲ್ದೆ ಹತ್ತಿದ್ರೆ ಏನೋ ಮರೆತ ಹಾಗಾಗುತ್ತೆ ಅನ್ನೋರು.’

ಆಮೇಲೆ ಅವಳು ಕೂತು ಈರುಳ್ಳಿ ಆರಿಸಿ ಚೀಲಕ್ಕೆ ತುಂಬಿದಳು. ನಾನೂ ನೆಲಕ್ಕೆ ಕೂತೆ. ಕೂತವನಿಗೆ ಏಳಲಾಗಲಿಲ್ಲ. ಅವಳೇ ಎಬ್ಬಿಸಬೇಕಾಯಿತು.

ಅಕ್ಟೋಬರ್ 13, ಸೋಮವಾರ

ನನ್ನನ್ನು ಸಮಾಧಾನ ಮಾಡಲು ಹೇಳಿರಬಹುದೇ ಎಂದು ಬೆಳಗಿನಿಂದ ತಿರುಗಿಸಿ ಮುರುಗಿಸಿ ನೋಡಿದೆ. ಆಗುವುದಿಲ್ಲ. ಎರಡು ಎಂಬುದನ್ನು ನಾನು ಯಾರಿಗೂ ಹೇಳಿಲ್ಲ, ಹೆಂಡತಿಗೂ ಹೇಳಿಲ್ಲ. ಎಲಿಯೊ ಹೇಳದೆ ಬೆನಿತಾಳಿಗೆ ಅದು ತಿಳಿಯಲು ದಾರಿಯಿಲ್ಲ.

ಸಂಜೆ ಹೊತ್ತಿಗೆ ಆ ಮೇಜಿನ ಮೇಲಿದ್ದ ಹಳದಿ ಹೂವಿನ ರೆಕ್ಸಿನ್ ಹಾಸು ನೆನಪಾಯಿತು. ಅದರ ಮೇಲೆ ಒಂದು ಅಂಟು ಬೆರಳಿನ ಗುರುತು. ಅಷ್ಟೇ, ಅದಕ್ಕಿಂತ ಹೆಚ್ಚು ಬರಲಿಲ್ಲ.

ಎದೆಯ ಮೇಲಿನ ಕಲ್ಲು ಇಳಿಯಬೇಕಿತ್ತು, ಇಳಿದಿದೆ. ಆದರೆ ಹಗುರಾಗಿಲ್ಲ. ಎರಡು ವರ್ಷ ಈ ತಪ್ಪು ನನ್ನ ಜೊತೆ ಊಟಕ್ಕೆ ಕೂತಿತ್ತು, ನನ್ನ ಜೊತೆ ಮಲಗಿತ್ತು. ಅದನ್ನು ಬೈಯುತ್ತಿದ್ದೆ, ಅದರ ಜೊತೆ ವಾದ ಮಾಡುತ್ತಿದ್ದೆ. ಅವನಿಗೂ ನನಗೂ ನಡುವೆ ಇನ್ನೂ ಒಂದು ವ್ಯವಹಾರ ಉಳಿದಿದೆ ಎಂಬಂತಿತ್ತು. ಈಗ ತಪ್ಪು ಹೋಯಿತು. ಮಗ ಬರಲಿಲ್ಲ. ಇವತ್ತು ಮೊದಲ ಸಲ ಮನೆಯಲ್ಲಿ ಅವನಿಲ್ಲ ಎಂದು ಗೊತ್ತಾಯಿತು. ಇಡೀ ದಿನ ಅತ್ತೆ.

ಅಕ್ಟೋಬರ್ 22, ಬುಧವಾರ

ಬೆನಿತಾಳ ಅಪ್ಪಣೆ ಕೇಳಿ ಕೂತೆ. ಬಡಿಯುವ ಸದ್ದು ಬಾರದ ಹಾಗೆ ಕಿವಿಗೆ ಹಾಕಿಕೊಳ್ಳುವುದನ್ನು ಅವಳೇ ಹುಡುಕಿ ಕೊಟ್ಟಳು. ಎಲಿಯೊನದೇ.

ಆ ವರದಿಯನ್ನು ಈ ಸಲ ಪೂರ್ತಿ ಓದಿದೆ. ಯಂತ್ರದಲ್ಲಿ ಎಂಜಿನ್ ಕೆಡಿಸುವ ಗುಂಡಿ ಇದೆ. ಮೋಡದೊಳಗೆ ಹೋಗಿ ಒಂಬತ್ತನೆಯ ನಿಮಿಷಕ್ಕೆ ಎಡ ಎಂಜಿನ್ ನಿಲ್ಲಿಸಿದೆ. ವಿಮಾನ ಎಡಕ್ಕೆ ಎಳೆಯಿತು. ಬಲ ಪೆಡಲನ್ನು ಮಂಡಿ ಚೀರುವಷ್ಟು ತುಳಿದೆ. ನಿಂತ ಪ್ರೊಪೆಲ್ಲರು ಗಾಳಿ ತಡೆಯದ ಹಾಗೆ ಅದರ ಅಲಗು ಗಾಳಿಗೆ ನೇರ ಮಾಡಿದೆ. ಬಲ ಎಂಜಿನ್ನಿಗೆ ಇದ್ದಷ್ಟೂ ಶಕ್ತಿ ಕೊಟ್ಟೆ. ಅಷ್ಟು ಎತ್ತರದಲ್ಲಿ, ಅಷ್ಟು ಭಾರಕ್ಕೆ, ಒಂದು ಎಂಜಿನ್ ಏನು ಮಾಡೀತು? ಅದೇ ಇಳಿಜಾರು.

ಬಲಕ್ಕೆ ತಿರುಗಿ ಹಿಂದಕ್ಕೆ ಹೋಗಲು ನೋಡಿದೆ. ಬಲಕ್ಕೆ ಗೋಡೆಯಂಥ ಬೆಟ್ಟ. ಮೂಗು ತಗ್ಗಿಸಿ ವೇಗ ಕೂಡಿಸಿ ನೋಡಿದೆ. ಕಣಿವೆ ಅಷ್ಟು ಆಳವಿಲ್ಲ. ಒಂಬತ್ತು ದಿನದಲ್ಲಿ ಇಪ್ಪತ್ತಾರು ಸಲ. ನಲವತ್ತು ವರ್ಷದಲ್ಲಿ ಕಲಿತ ಒಳ್ಳೆಯ ಬುದ್ಧಿ, ಕೆಟ್ಟ ಬುದ್ಧಿ ಎಲ್ಲವನ್ನೂ ಬಳಸಿದೆ. ನನ್ನ ಕೈಯಲ್ಲೂ ಅವನು ಉಳಿಯಲಿಲ್ಲ.

ವರದಿಯಲ್ಲಿ ಇನ್ನೊಂದು ಸಾಲಿದೆ. ಆಗ ಅದನ್ನು ದಾಟಿ ಓದಿದ್ದೆ. ಬಲ ಪೆಡಲು ಪೂರ್ತಿ ಒತ್ತಿದ ಸ್ಥಿತಿಯಲ್ಲಿ ಸಿಕ್ಕಿತು. ಎಡ ಪ್ರೊಪೆಲ್ಲರಿನ ಅಲಗುಗಳನ್ನು ಗಾಳಿಗೆ ನೇರ ಮಾಡಲಾಗಿತ್ತು. ನಾನು ಮಾಡಿದ್ದೆಲ್ಲವನ್ನೂ ನನಗಿಂತ ಮೊದಲೇ ಅವನು ಮಾಡಿದ್ದ.

ಒಳ್ಳೆಯ ಪೈಲಟ್ ನನ್ನ ಮಗ. ಬದುಕಿದ್ದಾಗ ಒಂದು ದಿನವೂ ಹೇಳಲಿಲ್ಲ.

ಅಕ್ಟೋಬರ್ 30, ಗುರುವಾರ

ನಾಡಿದ್ದು ಸತ್ತವರ ಹಬ್ಬ. ಮಧ್ಯಾಹ್ನ ಹನ್ನೆರಡಕ್ಕೆ ಬರುತ್ತಾರೆ, ಮಾರನೆಯ ದಿನ ಹನ್ನೆರಡಕ್ಕೆ ಹೋಗುತ್ತಾರೆ. ಎಲಿಯೊಗೆ ಇದು ಮೂರನೆಯ ಹಬ್ಬ. ಮೂರು ವರ್ಷ ಕರೆದು, ಸತ್ತವರಿಗೆ ಇಷ್ಟವಾದದ್ದನ್ನಿಟ್ಟು ಮೇಜು ಹಾಕಬೇಕು. ಮೂರನೆಯದು ಬೀಳ್ಕೊಡುವ ಹಬ್ಬ. ಆಮೇಲೆ ಕರೆಯುವ ಹಾಗಿಲ್ಲ. ಹೋಗುವವನನ್ನು ಮತ್ತೆ ಮತ್ತೆ ಎಳೆದರೆ ಅವನಿಗೇ ಕಷ್ಟ.

ಹೋದ ಎರಡು ವರ್ಷ ಮೇಜಿನ ಬಳಿ ನಾನು ಕೂರಲಿಲ್ಲ. ಯಾವ ಮುಖ ಹೊತ್ತು ಕೂರಲಿ?

ಈ ಸಲ ಬೆನಿತಾಳ ಜೊತೆ ಬ್ರೆಡ್ಡು ಸುಡುವ ಬೀದಿಯ ಒಲೆಗೆ ಹೋದೆ. ಎಲ್ಲರೂ ಆ ಮೇಜಿಗೆಂದು ಬ್ರೆಡ್ಡಿನ ಹಿಟ್ಟಿನಲ್ಲಿ ಮನುಷ್ಯರನ್ನು, ಏಣಿಗಳನ್ನು, ಕುದುರೆಗಳನ್ನು ಮಾಡುತ್ತಿದ್ದರು. ಬೆನಿತಾ ವಿಮಾನ ಮಾಡಿದಳು.

‘ಹೊಟ್ಟೆ ಸಾಲದು. ಸಿ-46 ಬಸುರಿ ಥರ ಇರ್ಬೇಕು’ ಎಂದೆ.

‘ನೀವೇ ಮಾಡಿ ಹಾಗಾದ್ರೆ.’

ಮಾಡಿದೆ. ಒಲೆಯೊಳಗೆ ಉಬ್ಬಿ ರೆಕ್ಕೆ ಯಾವುದು, ಬಾಲ ಯಾವುದು ಗೊತ್ತಾಗದ ಹಾಗಾಯಿತು. ಆಮೆ ಎಂದರು ನೆರೆಯ ಹೆಂಗಸರು. ಬೆನಿತಾ, ಈಗ ನನಗಿರುವ ಮಗಳು, ಬಾಯಿಗೆ ಶಾಲು ಅಡ್ಡ ಹಿಡಿದು ನಕ್ಕಳು. ನಾನೂ ನಕ್ಕೆ, ಆಮೇಲೆ ನಕ್ಕದ್ದು ನೆನಪಾಗಿ ಒಲೆಯ ಕಡೆ ತಿರುಗಿದೆ.

ನವೆಂಬರ್ 2, ಭಾನುವಾರ

ಬಂದ, ಹೋದ.

ಮೇಜಿನ ಮೇಲೆ ಎರಡು ವಿಮಾನವೂ ಇದ್ದವು. ದಾರಿಗೆ ನೀರು ತುಂಬಿಕೊಳ್ಳಲೆಂದು ಹೂಬಿಟ್ಟ ಈರುಳ್ಳಿಯ ಟೊಳ್ಳು ದಂಟು, ಇಳಿಯಲು ಬ್ರೆಡ್ಡಿನ ಏಣಿ, ಅವನ ಬಿಯರು, ಅವನ ಸಿಗರೇಟು. ಒಂದು ತಟ್ಟೆಯಲ್ಲಿ ನಾನು ತಂದ ಕೊಬ್ಬರಿ ಮಿಠಾಯಿ. ಬೆನಿತಾ ಅದನ್ನು ನೋಡಿ ಒಳಗೆ ಹೋಗಿ, ಬಹಳ ಹೊತ್ತಿನ ಮೇಲೆ ಬಂದಳು. ಬೇಯಿಸಿದ ಆಲೂಗಡ್ಡೆ ಮಾತ್ರ ಇರಲಿಲ್ಲ. ನಾನು ಕೇಳಲಿಲ್ಲ.

ಫಾಕುಂದೊ ಬಂದು ರಾಗವಿಲ್ಲದ ದನಿಯಲ್ಲಿ ಪ್ರಾರ್ಥನೆ ಹೇಳಿ ಬ್ರೆಡ್ಡು ಪಡೆದ. ಎಲಿಯೊನ ಜೇಬಿನಿಂದ ನನಗೇ ವಾಪಸು ಬಂದಿದ್ದ ಚಿಕ್ಕ ಪುಸ್ತಕವನ್ನು ಅವನ ಕೈಗಿಟ್ಟು, ‘ನಲವತ್ತು ವರ್ಷ ಇದರ ಮೇಲೆ ಕಣ್ಣಿತ್ತಲ್ಲ ನಿಂಗೆ, ತಗೋ. ಎಲ್ಲದಕ್ಕೂ ಎರಡು ಕೂಡಿಸ್ಕೋ’ ಎಂದೆ.

ಅವನು ಹಾಳೆ ತಿರುವಿ ನೋಡಿ, ‘ಎರಡೇನಾ? ನಂದ್ರಲ್ಲಿ ಮೂರು’ ಎಂದ. ‘ಎಲ್ಲರೂ ಹಾಗೇ ಮಾಡ್ತಿದ್ವಿ ಕಣೋ. ಕದ್ದೋನ ಕೈಗೆ ಏನು ಸಿಗ್ತಿತ್ತು ಅಂತ ಯಾರಾದ್ರೂ ಒಬ್ರು ಕೂತು ಯೋಚ್ನೆ ಮಾಡಿದೀವಾ?’ ಪುಸ್ತಕವನ್ನು ಅವನು ನನ್ನ ಜೇಬಿಗೇ ಹಿಂದಿರುಗಿಸಿದ.

ಸಮಾಧಿಯ ಬಳಿ ಹನ್ನೆರಡು ಗಂಟೆಗೆ ಕೆಲವರು ಡೋಲು, ಪಿಳ್ಳಂಗೋವಿ ನುಡಿಸಿದರು. ಪುಸ್ತಕವನ್ನು ಎಲಿಯೊನ ಹಳೆಯ ಅಂಗಿಯಲ್ಲಿ ಸುತ್ತಿ, ಅವನ ಬುತ್ತಿಯ ಜೊತೆಗೆ ಬೆನಿತಾ ಸುಟ್ಟಳು. ಅದಿಲ್ಲದೆ ಹೊರಟರೆ ಏನೋ ಮರೆತ ಹಾಗಾಗುತ್ತದೆ ಎಂದಿದ್ದನಲ್ಲ. ನಾನು ಮನಸ್ಸಿನಲ್ಲಿ ಹೇಳಿದೆ: ಹೋಗು ಮಗನೇ, ಇನ್ನು ಕರೆಯುವುದಿಲ್ಲ. ಹೇಳಿದೆನೇ ಹೊರತು ಹೇಗೆ ಹೇಳಿದೆನೋ ಗೊತ್ತಿಲ್ಲ. ಹಿಂದಿನಿಂದ ಬೆನಿತಾ ನನ್ನ ತೋಳು ಹಿಡಿದುಕೊಂಡಿದ್ದಳು. ನಾನು ಬೀಳುತ್ತೇನೆಂದು ಹಿಡಿದಳೋ, ತಾನು ಬೀಳುತ್ತೇನೆಂದು ಹಿಡಿದಳೋ, ಇಬ್ಬರೂ ಬೀಳಲಿಲ್ಲ.

ನವೆಂಬರ್ 11, ಮಂಗಳವಾರ

ಒಂಬತ್ತು ದಿನ ಆ ಕೋಣೆಗೆ ಹೋಗಲಿಲ್ಲ. ಇವತ್ತು ಮಗಳೇ ಕೇಳಿದಳು, ‘ಎರಡು ಗಂಟೆ ಆಯ್ತು, ಕೂರಲ್ವಾ ಮಾವ?’

ರೇಯೆಸ್‌ನಿಂದ ಎದ್ದೆ. ಮೂರು ಟನ್ ಭಾರ, ಅದೇ ಮೋಡ. ಕಿವಿಗೆ ಏನೂ ಹಾಕಿಕೊಳ್ಳಲಿಲ್ಲ. ಮೊಣಕೈ ಕಂಡಾಗ ಗಡಿಯಾರ ನೋಡಿದೆ. ಎಂಟು. ಒಂಬತ್ತು. ಅಲ್ಲಿ ಕೈ ತಾನಾಗಿ ಎಡಕ್ಕೆ ಹೊರಳಲು ನೋಡಿತು, ಬಿಡಲಿಲ್ಲ. ಎರಡೂ ಎಂಜಿನ್ ಸದ್ದು ಮಾಡುತ್ತಿದ್ದವು. ಹತ್ತು. ಹನ್ನೊಂದಕ್ಕೆ ತಿರುಗಿಸಿದೆ. ಎಲ್ಲ ಬಿಳಿ. ಆಮೇಲೆ ಬಿಳಿ ಹರಿದು ಕೆಳಗೆ ಬಯಲು ಕಂಡಿತು, ಬಯಲಿನ ಮೇಲೆ ಊರು, ಊರಿನ ತಗಡು ಮಾಡುಗಳ ಮೇಲೆ ಬಿಸಿಲು.

ಆಗ ಬಾಯಿಗೆ ಬಂದುಬಿಟ್ಟಿತು. ಯೋಚಿಸಿ ಹೇಳಿದ್ದಲ್ಲ. ನಲವತ್ತು ವರ್ಷ ಆ ಜಾಗದಲ್ಲಿ ಹೇಳಿದ ಮಾತು, ಕೋಣೆಯಲ್ಲಿ ಜೋರಾಗಿ ಹೇಳಿದೆ: ‘ಆಲೂಗಡ್ಡೆ ಒಲೆಗೆ ಹಾಕು.’

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅಡುಗೆಮನೆಯಲ್ಲಿ ಪಾತ್ರೆ ಸದ್ದು ನಿಂತಿತು. ಎಷ್ಟು ಹೊತ್ತು ನಿಂತಿತೆಂದರೆ ಎದ್ದು ಹೋಗಿ ಕ್ಷಮೆ ಕೇಳೋಣವೆನಿಸಿತು, ಆದರೆ ವಿಮಾನ ಗಾಳಿಯಲ್ಲಿತ್ತು. ಆಮೇಲೆ ನಲ್ಲಿ ತಿರುಗಿಸಿದ ಸದ್ದು. ಪಾತ್ರೆಗೆ ನೀರು ಬೀಳುವ ಸದ್ದು. ಕಡ್ಡಿ ಗೀರಿದ ಸದ್ದು.

ಇಳಿದೆ. ಸ್ವಲ್ಪ ಕುಪ್ಪಳಿಸಿತು, ಫಾಕುಂದೊ ಇದ್ದಿದ್ದರೆ ಖೈಮಾ ಎನ್ನುತ್ತಿದ್ದ. ಎಂಜಿನ್ ಎರಡನ್ನೂ ನಿಲ್ಲಿಸಿ ಈ ಹಾರಾಟದ ಪುಸ್ತಕ ತೆಗೆದು ಬರೆದೆ.

ಎಲ್ಲಿಂದ: ರೇಯೆಸ್. ಎಲ್ಲಿಗೆ: ಎಲ್ ಆಲ್ತೊ.

ಅಡುಗೆಮನೆಗೆ ಹೋದಾಗ ಇನ್ನೂ ಬೆಂದಿರಲಿಲ್ಲ. ಮಗಳು ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು, ತಿರುಗಲಿಲ್ಲ. ನಾನೂ ಕುರ್ಚಿ ಎಳೆದುಕೊಂಡು ಕೂತೆ. ಮುಚ್ಚಳ ಕುಣಿಯುತ್ತಿತ್ತು. ಇಬ್ಬರೂ ಕಾದೆವು. ಬೆಂದ ಮೇಲೆ ಉಪ್ಪು, ಮೆಣಸಿನಕಾಯಿ ಚಟ್ನಿ ಹಾಕಿಕೊಂಡು, ಸಿಪ್ಪೆ ಸುಲಿದು ಸುಲಿದು, ಬೆರಳು ಸುಟ್ಟುಕೊಂಡು ತಿಂದೆವು.

ಅವಳ ಕೈಯ ಅಳತೆ ಇನ್ನೂ ಮೂವರದ್ದು. ನಾಲ್ಕು ಉಳಿದವು. ಆಮೇಲೆ ಮಗಳು ತಟ್ಟೆ ಮುಚ್ಚಿಟ್ಟು, ‘ನಾಳೆ ಬೆಳಿಗ್ಗೆ ಹುರ್ಕೊಂಡು ತಿನ್ನೋಣ’ ಎಂದಳು.